ಒಳ್ಳೇದಾಗಲಿ ಸಾಹೇಬರು

ನಮ್ಮಪ್ಪ ಮೂವತ್ತೊಂದು ವರ್ಷದಿಂದ ಊರಿನವರಿಗೆಲ್ಲ ಮದುವೆ ಮಾಡಿಸುತ್ತಿದ್ದಾರೆ. ಹಾಗೆಂದರೆ ಅವರಿಗೆ ಸಿಟ್ಟು ಬರುತ್ತದೆ. "ಮದುವೆ ಮಾಡಿಸೋದು ನಿಮ್ಮ ದೊಡ್ಡಪ್ಪ. ನಾನು ನೋಂದಾಯಿಸೋನು," ಎನ್ನುತ್ತಾರೆ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ನಮ್ಮ ಪ್ರಾರ್ಥನಾ ಮಂದಿರದ ಗುರುಗಳು. ಅಣ್ಣತಮ್ಮ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ಒಂದೇ ಮೇಜಿಗೆ ಊಟಕ್ಕೆ ಕೂರುತ್ತಾರೆ. ಒಬ್ಬರು ದೇವರ ಮುಂದೆ ಜೋಡಿ ಕೂಡಿಸುತ್ತಾರೆ, ಇನ್ನೊಬ್ಬರು ಸರ್ಕಾರದ ಮುಂದೆ. ಎರಡರ ನಡುವೆ ಒಂದು ರಸ್ತೆ, ಒಂದು ಸೈಕಲ್ ಸ್ಟ್ಯಾಂಡು, ಅಷ್ಟೇ ಅಂತರ.

ಹಾಗೆಂದು ಅಪ್ಪನ ಭಕ್ತಿ ಕಡಿಮೆಯದೇನಲ್ಲ. ಬೆಳಗ್ಗೆ ಆರಕ್ಕೆ ಮಂದಿರದ ಕೊನೇ ಸಾಲಿನಲ್ಲಿ, ಕಂಬದ ಪಕ್ಕ, ಕಣ್ಣು ಮುಚ್ಚಿ ಕೂತಿರುತ್ತಾರೆ. ಆಮೇಲೆ ಕಚೇರಿ. ಅಲ್ಲಿ ಹೊಸಿಲ ಹೊರಗೆ ಚಪ್ಪಲಿ ಬಿಟ್ಟು, ಬೀರುವಿನಲ್ಲಿಟ್ಟ ಕಪ್ಪು ಬೂಟು ಹಾಕಿಕೊಳ್ಳುತ್ತಾರೆ. "ನನ್ನ ತಮ್ಮ ಚಪ್ಪಲಿ ಜೊತೆ ದೇವರನ್ನೂ ಹೊರಗೇ ಬಿಡ್ತಾನೆ," ಎಂದು ದೊಡ್ಡಪ್ಪ ಒಮ್ಮೆ ಹಂಗಿಸಿದಾಗ ಅಪ್ಪ ಹೇಳಿದ್ದು ಇದು: "ದೇವರನ್ನಲ್ಲಣ್ಣ, ನನ್ನ ಭಕ್ತೀನ. ದೇವರು ಎಲ್ಲಿ ಕೂತ್ಕೋಬೇಕು ಅಂತ ಹೇಳೋಕೆ ನಾನ್ಯಾರು?"

ಬೂಟು ಹಾಕಿದ ಮೇಲೆ ಅವರಿಗೆ ಹೆಂಡತಿಯಿಲ್ಲ, ಮಗಳಿಲ್ಲ, ಅಣ್ಣನಿಲ್ಲ. ಎಲ್ಲರೂ 'ತಾವು'. ಅಮ್ಮ ಒಮ್ಮೆ ತನ್ನ ತಂಗಿಯ ಮದುವೆ ಪತ್ರದ ನಕಲು ಬೇಕೆಂದು ಕೌಂಟರಿಗೆ ಹೋಗಿದ್ದಳು. ಅಪ್ಪ ಅರ್ಜಿ ತೆಗೆದುಕೊಂಡು, ತಲೆಯೆತ್ತದೆ, "ಅರ್ಜಿದಾರರ ಗಂಡನ ಹೆಸರು?" ಎಂದು ಕೇಳಿದರು. ಅಮ್ಮನೂ ಕಡಿಮೆಯವಳಲ್ಲ. "ಈಗ ನೆನಪಾಗ್ತಿಲ್ಲ ಸಾರ್. ಸಂಜೆ ಮನೆಗೆ ಬರ್ತಾರಲ್ಲ, ಕೇಳಿ ಹೇಳ್ತೀನಿ," ಎಂದು ಎದ್ದು ಬಂದಳು.

ಚಿಕ್ಕಂದಿನಲ್ಲಿ ನಾನು ಶಾಲೆ ಬಿಟ್ಟ ಮೇಲೆ ಆ ಕಚೇರಿಯ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ಜೋಡಿಗಳು ಹಿತ್ತಾಳೆಯ ಟೋಕನ್ ಬಿಲ್ಲೆ ಹಿಡಿದು ಸಾಲಿನಲ್ಲಿ ಬರುತ್ತಿದ್ದವು. ಅಪ್ಪ ಸರ್ಕಾರ ಬರೆದುಕೊಟ್ಟ ನಿಗದಿತ ಪಾಠವನ್ನು ಅಲ್ಪವಿರಾಮವೂ ಬಿಡದಂತೆ ಓದುವರು. ಜೋಡಿಯ ಸಹಿ, ಸಾಕ್ಷಿಗಳ ಸಹಿ. ಆಮೇಲೆ ಸೀಲು ಒತ್ತಿ, ಮಸಿ ಆರಲೆಂದು ಎರಡು ಸಲ ಊದಿ, ಪುಸ್ತಕ ಮುಚ್ಚಿ, ಅಲ್ಲಿಯವರೆಗೂ ಎತ್ತದಿದ್ದ ತಲೆಯೆತ್ತಿ, "ಒಳ್ಳೇದಾಗಲಿ," ಎನ್ನುವರು. ಆಗ ಜೋಡಿಯ ಮುಖ ನೋಡಬೇಕು. ಅಷ್ಟು ಹೊತ್ತು ಅರ್ಜಿದಾರರಾಗಿದ್ದವರು ಫಕ್ಕನೆ ಗಂಡ ಹೆಂಡತಿ ಆಗಿಬಿಡುತ್ತಿದ್ದರು. ಊರಿನಲ್ಲಿ ಅಪ್ಪನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. 'ಒಳ್ಳೇದಾಗಲಿ ಸಾಹೇಬ್ರು' ಎಂದರೆ ಸಾಕು, ಮನೆ ಬಾಗಿಲಿಗೆ ತಂದು ಬಿಡುತ್ತಾರೆ.

ಆ ಮಾತು ಮನೆಯೊಳಗೆ ಮಾತ್ರ ಬಂದದ್ದಿಲ್ಲ. ಮನೆಯಲ್ಲಿ ಹರಸುವ ಹಕ್ಕು ಹಿರಿಯರಾದ ದೊಡ್ಡಪ್ಪನದು. ಪರೀಕ್ಷೆಗೆ ಹೊರಟರೂ ಜ್ವರ ಬಂದರೂ ದೊಡ್ಡಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, ಬಸ್ಸು ತಪ್ಪುವಷ್ಟು ಉದ್ದಕ್ಕೆ ಹರಸುವರು. ಅಪ್ಪ ಹಿಂದೆ ನಿಂತು "ಹೂಂ" ಎನ್ನುವರು. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅಮ್ಮ ಗೊಣಗುತ್ತಿದ್ದಳು. "ಇವರ ಬಾಯಲ್ಲಿ ಒಂದು ಒಳ್ಳೇ ಮಾತು ಕೇಳಬೇಕಾದ್ರೆ ಟೋಕನ್ ತಗೋಬೇಕು."

ನನಗೆ ಆಗ ಏಳು ವರ್ಷ. ತಗೊಂಡೆ. ಹದಿನೇಳನೇ ನಂಬರಿನ ಬಿಲ್ಲೆ. ಸಾಲಿನಲ್ಲಿ ನಿಂತು, ಸರದಿ ಬಂದಾಗ ತುದಿಗಾಲಲ್ಲಿ ಗದ್ದವನ್ನು ಕೌಂಟರಿನ ಮೇಲಿಟ್ಟೆ. ಅಪ್ಪ ಕನ್ನಡಕದ ಮೇಲಿಂದ ನೋಡಿದರು. "ತಮಗೆ ಇನ್ನೂ ವಯಸ್ಸಾಗಿಲ್ಲ. ವಯಸ್ಸಾದ ಮೇಲೆ ಬನ್ನಿ," ಎಂದು ಬಿಲ್ಲೆ ವಾಪಸ್ ತೆಗೆದುಕೊಂಡರು. ಕಚೇರಿಗೆ ಕಚೇರಿಯೇ ನಕ್ಕಿತು. ನಾನು ಬೆಂಚಿಗೆ ಹೋಗಿ ಅತ್ತೆ. ಬಂದೇ ಬರ್ತೀನಿ, ತಡೀರಿ ನೀವು ಎಂದು ಅವತ್ತೇ ನಿಶ್ಚಯಿಸಿದ್ದೆ.

ವಯಸ್ಸಾಯಿತು. ಹೈಸ್ಕೂಲಿನಲ್ಲಿ ವ್ಯಾಕರಣ ಹೇಳಿಕೊಡುವ ಮೇಡಂ ಆದೆ. ಕಣ್ಣು ತೋರಿಸಲೆಂದು ಒಂದು ಕನ್ನಡಕದಂಗಡಿಗೆ ಹೋದಾಗ, ಅಂಗಡಿಯವನು ಓದಲು ಕೊಟ್ಟ ಚೀಟಿಯ ಕೊನೇ ಸಾಲಿನಲ್ಲಿ ಕಾಗುಣಿತ ತಪ್ಪಿದೆ ಎಂದೆ. "ಇಷ್ಟು ವರ್ಷದಲ್ಲಿ ಆ ಸಾಲಿನವರೆಗೆ ಬಂದು ಬೈದವರು ನೀವೊಬ್ಬರೇ," ಎಂದು ಅವನು ನಕ್ಕ. ಅಲ್ಲಿಂದ ಶುರು. ಅವನ ಮನೆಯವರು ನಡೆದುಕೊಳ್ಳುವುದು ಬೇರೆ ಪ್ರಾರ್ಥನಾ ಮಂದಿರಕ್ಕೆ. ಮದುವೆ ತಮ್ಮಲ್ಲೇ ಆಗಬೇಕೆಂದು ಅವನ ಅಜ್ಜಿ, ನಮ್ಮಲ್ಲೇ ಆಗಬೇಕೆಂದು ದೊಡ್ಡಪ್ಪ. ಇಬ್ಬರೂ ಹಟದಲ್ಲಿ ಒಬ್ಬರನ್ನೊಬ್ಬರು ಮೀರಿಸುವವರು. ಕೊನೆಗೆ ಎರಡೂ ಬೇಡ, ಅಪ್ಪನ ಕೌಂಟರೇ ಸರಿ ಎಂದಾಯಿತು. ಸ್ವಂತ ಮಗಳ ಮದುವೆ ನೋಂದಾಯಿಸಬಾರದೆಂಬ ನಿಯಮ ಎಲ್ಲಾದರೂ ಇದೆಯೇ ಎಂದು ಅಪ್ಪ ಪುಸ್ತಕವನ್ನು ಮೂರು ಸಲ ತಿರುವಿ ಹಾಕಿದರು. ಸಿಗಲಿಲ್ಲ. ಸ್ವಲ್ಪ ಬೇಸರವೇ ಆಯಿತೇನೋ. "ಸರಿ. ಮುಂದಿನ ತಿಂಗಳ ಮೊದಲನೇ ಶುಕ್ರವಾರ ಟೋಕನ್ ತಗೊಂಡು ಬಾ," ಎಂದರು.

ಆ ಶುಕ್ರವಾರಕ್ಕೆ ಇನ್ನೂ ಇಪ್ಪತ್ತು ದಿನ ಇದೆ ಎನ್ನುವಾಗ ಅಪ್ಪನ ಮೇಲೆ ಎರಡು ದೂರು ಬಂದವು.

ಮೊದಲನೆಯದು ಒಬ್ಬ ಸರ್ವೇಯರನದು. ಎರಡು ತಿಂಗಳ ಹಿಂದೆ ಅಪ್ಪನ ಕೌಂಟರಿನಲ್ಲೇ ಮದುವೆಯಾದವನು. ಅವನು ಬರೆದಿದ್ದ: 'ನಾವು ಸರ್ಕಾರದ ಬಳಿ ಹೋದದ್ದು ಯಾರ ಆಶೀರ್ವಾದವೂ ಬೇಡವೆಂದೇ. ಸರ್ಕಾರವೂ ಆಶೀರ್ವದಿಸತೊಡಗಿದರೆ ನಾವು ಇನ್ನೆಲ್ಲಿಗೆ ಹೋಗಬೇಕು?' ಗುಮಾಸ್ತರು ಕಚೇರಿಯಲ್ಲಿ ತೋರಿಸಿದ್ದನ್ನು ಓದಿ ನನ್ನ ಮೈ ಉರಿಯಿತು. ಆದರೆ ವಾಕ್ಯದಲ್ಲಿ ಒಂದು ತಪ್ಪಿಲ್ಲ. ನನ್ನ ತರಗತಿಯ ಹುಡುಗನಾಗಿದ್ದರೆ ಹತ್ತಕ್ಕೆ ಹತ್ತು ಕೊಟ್ಟು, ಆಮೇಲೆ ಕಿವಿ ಹಿಂಡುತ್ತಿದ್ದೆ.

ಎರಡನೆಯದು ನಮ್ಮ ಪ್ರಾರ್ಥನಾ ಮಂದಿರದ ಸಮಿತಿಯದು. 'ಆಶೀರ್ವಾದವು ಧರ್ಮದ ಕೆಲಸ. ನೋಂದಣಿಯು ಸರ್ಕಾರದ ಕೆಲಸ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕತಕ್ಕದ್ದಲ್ಲ.' ಕೆಳಗೆ ದೊಡ್ಡಪ್ಪನ ಸಹಿ.

ಅವತ್ತು ರಾತ್ರಿ ಊಟದ ಮೇಜಿನಲ್ಲಿ ಅಣ್ಣತಮ್ಮ ಎದುರುಬದುರು ಕೂತಿದ್ದರು.

"ಅಣ್ಣ, ನಿನ್ನ ದೂರು ಬಂತು," ಎಂದರು ಅಪ್ಪ.

"ಬಂತಾ? ಆ ಉಪ್ಪು ಈಕಡೆ ಕೊಡು."

"ಎರಡನೇ ಪುಟಕ್ಕೆ ಸಹಿ ಹಾಕಿಲ್ಲ ನೀನು."

"ಹೌದಾ? ತಂದಿದೀಯಾ, ಹಾಕ್ಕೊಡ್ತೀನಿ."

"ಕಚೇರಿ ಕಾಗದ ಮನೆಗೆ ತರೋ ಹಾಗಿಲ್ಲ. ನಾಳೆ ಹತ್ತೂವರೆ ಮೇಲೆ ಬಾ."

ಅಮ್ಮ ಸೌಟನ್ನು ಪಾತ್ರೆಗೆ ಬಡಿದಳು. "ಏನು ಜನಾನೋ! ಒಡಹುಟ್ಟಿದ ತಮ್ಮನ ಹೊಟ್ಟೆ ಮೇಲೆ ಹೊಡೀತೀರಲ್ಲ ಭಾವ!"

"ಹೊಟ್ಟೆ ಮೇಲಲ್ಲಮ್ಮ, ಬಾಯಿ ಮೇಲೆ," ಎಂದರು ದೊಡ್ಡಪ್ಪ. ಸಂಕಟ ಅವರಿಗೂ ಇತ್ತು. ಮೊದಲೆಲ್ಲ ನೋಂದಣಿ ಮುಗಿಸಿದ ಜೋಡಿಗಳು ರಸ್ತೆ ದಾಟಿ ಮಂದಿರಕ್ಕೆ ಬಂದು ಅವರಿಂದ ಆಶೀರ್ವಾದ ಪಡೆಯುತ್ತಿದ್ದರಂತೆ. ಈಗ ಕರೆದರೂ ಬರುವುದಿಲ್ಲವಂತೆ. "'ಅಲ್ಲೇ ಆಯ್ತಲ್ಲ ಗುರುಗಳೇ' ಅಂತಾರೆ! ಸೀಲು, ಸಹಿ, ಆಶೀರ್ವಾದ ಎಲ್ಲಾ ಒಂದೇ ಕಿಟಕೀಲಿ ಸಿಕ್ಕಿದ್ರೆ ನಾನು ಯಾತಕ್ಕೆ ಕೂತಿರೋದು ಅಲ್ಲಿ?"

ನನಗೆ ನಗು ಬರಲಿಲ್ಲ. ದೂರು ನಿಜವೆಂದಾದರೆ ಅಪ್ಪನನ್ನು ಕೌಂಟರಿನಿಂದ ಎತ್ತಿ ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಹಾಕುತ್ತಾರೆ. ಅದೂ ನನ್ನ ಶುಕ್ರವಾರಕ್ಕೆ ಮೊದಲೇ. ಊರ ಸಾವಿರಾರು ಜೋಡಿಗಳಿಗೆ ಪುಕ್ಕಟೆ ಸಿಕ್ಕ ಮಾತು, ನಾನು ಇಪ್ಪತ್ತು ವರ್ಷ ಕಾದ ಮಾತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು.

ವಿಚಾರಣೆ ಅಪ್ಪನ ಕಚೇರಿಯ ಹಾಲಿನಲ್ಲೇ ನಡೆಯಿತು. ದೊಡ್ಡ ಕಚೇರಿಯಿಂದ ಬಂದ ಅಧಿಕಾರಿ ಒಬ್ಬ ಹೆಂಗಸು, ಪ್ರತಿ ಸಾಲಿನ ಕೆಳಗೂ ಅಡಿಪಟ್ಟಿ ಇಟ್ಟುಕೊಂಡು ಓದುವವರು. ಮೊದಲು ಸರ್ವೇಯರನನ್ನು ಕರೆದರು. ನಾನು ನಾಲಿಗೆ ಮಸೆದುಕೊಂಡು ಮುಂದಿನ ಬೆಂಚಿನಲ್ಲೇ ಕೂತಿದ್ದೆ.

"ಆಶೀರ್ವಾದದಿಂದ ನಿಮಗೆ ಏನು ತೊಂದರೆ ಆಯ್ತು?" ಎಂದು ಅಧಿಕಾರಿ ಕೇಳಿದರು.

ಅವನು ಕಾಲು ನೋಡಿಕೊಂಡೇ ಹೇಳಿದ: "ನಮ್ಮಿಬ್ಬರ ಮನೆಯವರೂ ಬರಲಿಲ್ಲ ಮೇಡಂ. ನಮ್ಮ ಗುರುಗಳೂ ಹರಸಲ್ಲ ಅಂದ್ರು, ಅವಳ ಕಡೆಯವರೂ ಅಂದ್ರು. ಸರಿ, ಯಾರ ಆಶೀರ್ವಾದಾನೂ ಬೇಡ ಅಂತ ಗಟ್ಟಿ ಮನಸ್ಸು ಮಾಡ್ಕೊಂಡು ಇಲ್ಲಿಗೆ ಬಂದ್ವಿ. ಇವರು ಒಳ್ಳೇದಾಗಲಿ ಅಂದ ಕೂಡ್ಲೆ ನನ್ನ ಹೆಂಡ್ತಿ ಅಳೋಕೆ ಶುರು ಮಾಡಿದ್ಲು. ಮನೆ ಸೇರೋವರೆಗೂ ಅತ್ಲು. ನಾವು ಕಷ್ಟಪಟ್ಟು ಮುಚ್ಚಿದ ಬಾಗಿಲನ್ನ ಸರ್ಕಾರ ಬಂದು ತೆಗೆಯೋದು ಯಾಕೆ?"

ಮಸೆದುಕೊಂಡು ಬಂದಿದ್ದ ನನ್ನ ನಾಲಿಗೆ ತಾನಾಗಿ ಒಳಗೆ ಹೋಯಿತು. ಅವನ ಮಾತಿನಲ್ಲಿ ನ್ಯಾಯವಿತ್ತು, ಅದೇ ನನಗೆ ಕಷ್ಟವಾಯಿತು.

"ಅವರು ಹಾಗಂದಾಗ ನೀವು ಏನಂದ್ರಿ?" ಅಧಿಕಾರಿ ಅಡಿಪಟ್ಟಿ ಸರಿಸಿದರು.

"ನಾನಾ?" ಸರ್ವೇಯರ್ ಕಿವಿಯವರೆಗೂ ಕೆಂಪಾದ. "ಅದು... ಬಾಯಿತಪ್ಪಿ... 'ನಿಮಗೂ' ಅಂದುಬಿಟ್ಟೆ ಮೇಡಂ."

ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನೂ ನಕ್ಕ, ಪಾಪ.

ಆಮೇಲೆ ಅಪ್ಪನ ಸರದಿ. ಬೂಟುಗಾಲಿನಲ್ಲಿ ನೆಟ್ಟಗೆ ನಿಂತು ಅವರು ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಮೊದಲ ವರ್ಷ ನಾನು ಏನೂ ಹೇಳ್ತಿರಲಿಲ್ಲ ಮೇಡಂ. ಸೀಲು ಒತ್ತಿ ಮುಂದಿನವರು ಅಂತಿದ್ದೆ. ಒಂದಿನ ಒಂದು ಜೋಡಿ ಬಂತು. ಸಾಕ್ಷಿಗೂ ಯಾರಿಲ್ಲ, ಕ್ಯೂನಲ್ಲಿದ್ದವರೇ ಸಹಿ ಹಾಕಿದ್ರು. ಸೀಲು ಬಿದ್ದ ಮೇಲೂ ಆ ಹುಡುಗಿ ಕದಲಲಿಲ್ಲ. ಏನಮ್ಮ ಅಂದೆ. 'ಯಾರಾದ್ರೂ ಏನಾದ್ರೂ ಹೇಳ್ಬೇಕಲ್ವಾ ಸಾರ್' ಅಂದ್ಲು. ನಾನು ಹೇಳಲಿಲ್ಲ. ನಿಯಮದಲ್ಲಿರಲಿಲ್ಲ. ಆದ್ರೆ ಆ ಮುಖ ವಾರವೆಲ್ಲ ಕಣ್ಣ ಮುಂದೆ ಬರ್ತಿತ್ತು. ಮುಂದಿನವರಿಗಾದ್ರೂ ಹೇಳೋಣ, ಏನು ಹೇಳೋದು? 'ದೇವರು ಒಳ್ಳೇದು ಮಾಡಲಿ' ಅನ್ನೋಣ ಅಂದ್ರೆ, ಯಾರ ದೇವರು? ತೆಗೆದೆ. 'ಸರ್ಕಾರ ಒಳ್ಳೇದು ಮಾಡುತ್ತೆ' ಅನ್ನೋಣ ಅಂದ್ರೆ, ಸುಳ್ಳು ಹೇಳಿದ ಹಾಗಾಗುತ್ತೆ. ತೆಗೆದೆ. 'ನಾನು ಹರಸ್ತೀನಿ' ಅನ್ನೋಣ ಅಂದ್ರೆ, ನಾನ್ಯಾವ ದೊಡ್ಡ ಮನುಷ್ಯ? ತೆಗೆದೆ. ಎಲ್ಲಾ ತೆಗೆದ ಮೇಲೆ ಉಳಿದಿದ್ದು ಇಷ್ಟೇ ಮೇಡಂ. ಒಳ್ಳೇದಾಗಲಿ."

ಅಧಿಕಾರಿ ಅದನ್ನು ಬರೆದುಕೊಂಡು, ಅಡಿಪಟ್ಟಿ ಇಟ್ಟು, ಹುಬ್ಬು ಗಂಟಿಕ್ಕಿದರು. "ಒಳ್ಳೇದಾಗಲಿ. ಸರಿ. ಯಾರಿಂದ ಆಗಲಿ? ಯಾರು ಮಾಡ್ಬೇಕು ಅಂತ ಈ ಮಾತಿನ ಅರ್ಥ? ವ್ಯಾಕರಣ ಗೊತ್ತಿರೋರು ಯಾರಾದ್ರೂ ಇದ್ದಾರಾ ಇಲ್ಲಿ?"

"ನನ್ನ ಮ..." ಎಂದ ಅಪ್ಪ ಬೂಟು ನೋಡಿಕೊಂಡು ತಿದ್ದಿಕೊಂಡರು. "ಮುಂದಿನ ಬೆಂಚಿನಲ್ಲಿ ವ್ಯಾಕರಣದ ಮೇಡಂ ಒಬ್ಬರು ಕೂತಿದ್ದಾರೆ."

"ಅವರು ನಿಮಗೆ ಸಂಬಂಧಿಕರು ಅಂತ ಕೇಳಿದೆ."

"ನಾನು ಸಂಬಂಧಿಕಳು ಮೇಡಂ, ವ್ಯಾಕರಣ ಅಲ್ಲ," ಎಂದು ನಾನೇ ಎದ್ದು ನಿಂತೆ. ಅಧಿಕಾರಿಯ ತುಟಿಯ ಒಂದು ಮೂಲೆ ನಕ್ಕಿತು. ಹೇಳಿ ಎಂದರು.

ಅಂಥ ಅವಕಾಶ ವ್ಯಾಕರಣದವರಿಗೆ ಜನ್ಮಕ್ಕೊಂದು ಸಲ. "'ದೇವರು ಒಳ್ಳೇದು ಮಾಡಲಿ' ಅಂದ್ರೆ ಮಾಡೋರು ದೇವರು, ಕರ್ತೃ ಇದ್ದಾರೆ," ಎಂದೆ. "'ಒಳ್ಳೇದಾಗಲಿ' ಅಂದ್ರೆ ಆಗಬೇಕಾದ್ದು ಒಳ್ಳೇದು. ಅದೇ ಕರ್ತೃ. ಮಾಡೋರು ಅಂತ ವಾಕ್ಯದಲ್ಲಿ ಯಾರೂ ಇಲ್ಲ. ಬೆಳಗಾಗಲಿ, ಹೊತ್ತಾಗಲಿ ಅಂದ ಹಾಗೆ. ಇದು ಧರ್ಮದ ಭಾಷೆ ಅಲ್ಲ ಮೇಡಂ, ಇದು ಕಚೇರಿ ಭಾಷೆ. ಇಲ್ಲಿ ಯಾರಾದ್ರೂ ಏನಾದ್ರೂ ಮಾಡ್ತಾರಾ? ಫೈಲು ಕಳೆದುಹೋಗುತ್ತೆ, ಕಳೆದವರು ಇರಲ್ಲ. ಕೆಲಸ ತಡ ಆಗುತ್ತೆ, ತಡ ಮಾಡಿದವರು ಇರಲ್ಲ. ಎಲ್ಲಾ ತಾನಾಗೇ ಆಗುತ್ತೆ. ಒಳ್ಳೇದೂ ಹಾಗೇ ಆಗಲಿ ಅಂದ್ರೆ ತಪ್ಪೇನು?"

ಹಿಂದೆ ಗುಮಾಸ್ತರೆಲ್ಲ ಮೇಜು ಬಡಿದರು. ಅಧಿಕಾರಿ ಸುಮ್ಮನಿರಿಸಿ, "ಮತ್ತೆ ದೂರುದಾರರು 'ನಿಮಗೂ' ಅಂದ್ರಲ್ಲ, ಅದಕ್ಕೇನರ್ಥ?" ಎಂದರು.

"'ನಿಮಗೆ' ಅಂದಿದ್ರೆ ಬೇರೆ ಮೇಡಂ. 'ನಿಮಗೂ' ಅಂದ್ರೆ ನಮಗೆ ಆಗಲೇ ಬಂತು, ಈಗ ನಿಮಗೂ ಅಂತ. ಆ ಊಕಾರ ಒಂಟಿಯಾಗಿ ಬರೋದಿಲ್ಲ. ಮುಂಚೆ ಒಂದು ಇದ್ರೇನೇ ಅದು ಬರೋದು."

ಅಧಿಕಾರಿ ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದರು. ಗೆದ್ದೆ ಎಂದುಕೊಂಡೆ. ಆಗ ದೊಡ್ಡಪ್ಪ ಎದ್ದು ನಿಂತರು.

"ಮಗಳು ಹೇಳಿದ್ದೆಲ್ಲ ಸರಿ," ಎಂದರು. ಅವರಿಗೆ ಬೂಟಿನ ಕಟ್ಟುಪಾಡಿಲ್ಲ, ಎಲ್ಲಿ ಬೇಕಾದರೂ ಮಗಳು ಎನ್ನುತ್ತಾರೆ. "ಮಾಡೋನು ಕಾಣಲ್ಲ, ನಿಜ. ಕಾಣಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲವಲ್ಲ! ಹೆಸರಿಲ್ಲ, ರೂಪವಿಲ್ಲ, ಎಲ್ಲೂ ಕಾಣಲ್ಲ, ಆದ್ರೂ ಎಲ್ಲಾ ಮಾಡ್ತಾನೆ. ನಲವತ್ತು ವರ್ಷದಿಂದ ನಾನು ರಸ್ತೆ ಆಚೆ ಕೂತು ಹೇಳ್ತಿರೋದು ಇದನ್ನೇ ಅಲ್ವಾ?"

"ಇದು ಆಶೀರ್ವಾದಾನೇ ಅಂತ ನಾನು ದೂರಿನಲ್ಲಿ ಹೇಳಿದ್ದೂ ಅದಕ್ಕೇ ಮೇಡಂ," ಎಂದು ಸರ್ವೇಯರ್ ಅತ್ತಿಂದ ಕೂಗಿದ. ಆ ಇಬ್ಬರೂ ಜೀವನದಲ್ಲಿ ಒಪ್ಪಿದ ಮೊದಲ ವಿಷಯ ಅದೇ ಇರಬೇಕು. ಒಬ್ಬರನ್ನೊಬ್ಬರು ನೋಡಿ ಗಾಬರಿಯಾದರು.

ಆದೇಶ ನಾಲ್ಕನೇ ದಿನಕ್ಕೆ ಬಂತು. ಅಪ್ಪನ ಕುರ್ಚಿ ಉಳಿಯಿತು. 'ಕಾಣದ ಕರ್ತೃ ಇರುವನೋ ಇಲ್ಲವೋ ಎಂಬುದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ವ್ಯಾಪ್ತಿಗೆ ಬಾರದ ವಿಷಯವನ್ನು ಕೌಂಟರಿನಲ್ಲಿ ಆಡತಕ್ಕದ್ದೂ ಅಲ್ಲ. ಮುಂದಿನ ಆದೇಶದವರೆಗೆ ನೋಂದಣಾಧಿಕಾರಿಯು ನಿಗದಿತ ಪಾಠದ ಹೊರತು ಒಂದಕ್ಷರವನ್ನೂ ಹೆಚ್ಚಾಗಿ ಆಡಬಾರದು. ತಪ್ಪಿದಲ್ಲಿ ಕಡತಗಳ ಕೋಣೆ.' ಅಪ್ಪ ಎರಡು ಸಲ ಓದಿ, "ಒಳ್ಳೇ ಆದೇಶ. ಅಚ್ಚುಕಟ್ಟಾಗಿದೆ," ಎಂದರು. ನನಗೆ ಅದನ್ನು ಹರಿದು ತಿನ್ನುವಷ್ಟು ಕೋಪ ಬಂತು.

ಮರುದಿನದಿಂದ ಕೌಂಟರಿನಲ್ಲಿ ಹೊಸ ತಾಪತ್ರಯ ಶುರುವಾಯಿತು. ಅಪ್ಪ ಸೀಲು ಒತ್ತುವರು, ಎರಡು ಸಲ ಊದುವರು, ಪುಸ್ತಕ ಮುಚ್ಚುವರು. ಜೋಡಿ ಕದಲುವುದಿಲ್ಲ.

"ಮುಗೀತಾ ಸಾರ್?"

"ಮುಗೀತು."

"ಅಷ್ಟೇನಾ?"

"ಅಷ್ಟೇ."

"ಮತ್ತೇ...?"

ಮಸಾಲೆ ಹಾಕದ ಸಾರು ಬಡಿಸಿದಂತೆ ಅವರು ಮುಖ ಮುಖ ನೋಡಿಕೊಳ್ಳುವರು. ದಿನಕ್ಕೆ ಮೂವತ್ತು ಜೋಡಿ ಮುಗಿಯುತ್ತಿದ್ದ ಕಡೆ ಇಪ್ಪತ್ತು ಜೋಡಿಗೇ ಸಂಜೆಯಾಯಿತು. ಅದರಲ್ಲಿ ಒಬ್ಬ ಮುದುಕ ಮದುಮಗ ಸಹಿ ತಪ್ಪಾಗಿರಬೇಕೆಂದು ಇನ್ನೊಂದು ಸಲ ಹಾಕಲು ಹೊರಟಿದ್ದನಂತೆ. ಮನೆಗೆ ಬಂದ ಅಪ್ಪ ಊಟದಲ್ಲಿ ಮೊದಲಿಗಿಂತ ಕಡಿಮೆ ಮಾತಾಡಿದರು, ಅಂದರೆ ಏನೂ ಆಡಲಿಲ್ಲ.

ಸರ್ವೇಯರ್ ಯಾವುದೋ ನಕಲಿಗೆಂದು ಕಚೇರಿಗೆ ಹೋದವನು ಇದನ್ನೆಲ್ಲ ನೋಡಿ, ಶಾಲೆಯ ಹತ್ತಿರ ಬಂದು ನನ್ನನ್ನು ತಡೆದ. "ಬೇಡ ಅಂದಿದ್ದು ನನಗೊಬ್ಬನಿಗೆ ಮೇಡಂ. ಎಲ್ಲರಿಗೂ ಬೇಡ ಅನ್ನಲಿಲ್ಲ."

"ಸರ್ಕಾರಕ್ಕೆ ಏಕವಚನ ಅರ್ಥ ಆಗಲ್ಲ," ಎಂದೆ. ಬೈಯಬೇಕೆಂದಿದ್ದೆ, ಆಗಲಿಲ್ಲ. ಹೆಂಡತಿ ಹೇಗಿದ್ದಾಳೆಂದು ಕೇಳಿ ಕಳಿಸಿದೆ.

ನನ್ನ ಒಳಗಿನ ತೊಳಲಾಟ ಯಾರಿಗೂ ಹೇಳುವಂಥದ್ದಲ್ಲ. ಅಪ್ಪ ಆದೇಶ ಮುರಿದು ನನಗೊಬ್ಬಳಿಗೆ ಆ ಮಾತು ಹೇಳಲಿ ಎಂದು ಆಸೆ. ಹೇಳಿದರೆ ಮೂವತ್ತೊಂದು ವರ್ಷ ಹೊಸಿಲಲ್ಲಿ ಚಪ್ಪಲಿ ಬಿಟ್ಟದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಎಂದು ಭಯ. "ಮನೇಲೇ ಹೇಳಿಸ್ಕೊಳ್ಳೇ," ಎಂದಳು ಅಮ್ಮ. ಮನೆಯಲ್ಲಿ ಅಣ್ಣನ ಮುಂದೆ ತಮ್ಮ ಹರಸುವುದುಂಟೇ? ಹಿಂದೆ ನಿಂತು ಹೂಂ ಎನ್ನುತ್ತಾರೆ. ಆ ಹೂಂ ನನ್ನ ಹತ್ತಿರ ಬೇಕಾದಷ್ಟಿದೆ.

ಶುಕ್ರವಾರ ಬಂತು. ನಾನು, ಕನ್ನಡಕದಂಗಡಿಯವನು, ಸಾಕ್ಷಿಗೆ ಅಮ್ಮ, ದೊಡ್ಡಪ್ಪ, ಅವನ ಅಜ್ಜಿ. ಹಿತ್ತಾಳೆ ಬಿಲ್ಲೆ ಕೊಡುವ ಗುಮಾಸ್ತ ಹದಿನಾಲ್ಕು ಕೊಡಲು ಬಂದ. "ಬೇಡ, ಮೂರು ಜೋಡಿ ಹೋಗಲಿ," ಎಂದೆ. ಯಾಕೆಂದು ಅವನು ಕೇಳಿದ. ಹದಿನೇಳು ಬೇಕು ಎಂದೆ. ಮೂಲೆಯ ಕುರ್ಚಿಯಲ್ಲಿ ವಿಚಾರಣೆಯ ಅಧಿಕಾರಿ ಅಡಿಪಟ್ಟಿ ಸಮೇತ ಕೂತಿದ್ದರು. ಆದೇಶ ಪಾಲನೆಯಾಗುತ್ತಿದೆಯೇ ಎಂದು ನೋಡಲು ಬಂದಿದ್ದರಂತೆ. ಬರಲು ಇದೇ ದಿನ ಸಿಕ್ಕಿತೇ ಇವರಿಗೆ ಎಂದು ಹಲ್ಲು ಕಡಿದೆ.

"ಹದಿನೇಳು," ಎಂದು ಅಪ್ಪ ಕರೆದರು. ಬಿಲ್ಲೆಯನ್ನು ಕೌಂಟರಿನ ಮೇಲಿಟ್ಟೆ. ಅದನ್ನು ನೋಡಿ ಅವರ ಕೈ ಒಂದು ಕ್ಷಣ ನಿಂತಿತು. "ತಮಗೆ ವಯಸ್ಸಾಗಿದೆಯೇ?" ಎಂದು ಕೇಳಿದರು. ಅದು ನಿಗದಿತ ಪಾಠದ ಮೊದಲನೇ ಪ್ರಶ್ನೆ. ಎಲ್ಲರಿಗೂ ಕೇಳುವುದೇ.

"ಆಗಿದೆ ಸಾರ್," ಎಂದೆ.

ಪಾಠ ಓದಿದರು. ಒಂದು ಅಲ್ಪವಿರಾಮ ಬಿಡಲಿಲ್ಲ. ಇವನು ಸಹಿ ಹಾಕಿದ, ನಾನು ಹಾಕಿದೆ, ಅಜ್ಜಿ ಕನ್ನಡಕ ಕೇಳಿ ಹಾಕಿದರು, ಅಮ್ಮ ಹಾಕಿದಳು. ದೊಡ್ಡಪ್ಪ ಸಹಿ ಹಾಕಿ, ಅಭ್ಯಾಸಬಲದಿಂದ ನನ್ನ ತಲೆಯ ಕಡೆಗೆ ಕೈಯೆತ್ತಿದವರು ಮೂಲೆಯ ಕುರ್ಚಿ ನೋಡಿ, ಆ ಕೈಯಿಂದ ತಮ್ಮ ತಲೆಯನ್ನೇ ಕೆರೆದುಕೊಂಡರು. ಅಪ್ಪ ಸೀಲು ಒತ್ತಿದರು. ಎರಡು ಸಲ ಊದಿದರು. ಪುಸ್ತಕ ಮುಚ್ಚಿದರು. ತಲೆಯೆತ್ತಿದರು.

ಅಪ್ಪನ ತುಟಿ ಬಿಗಿದಿತ್ತು. ಅವರು ಹೇಳುವುದಿಲ್ಲ. ಅದು ನನಗೆ ಗೊತ್ತಾಯಿತು. ಹೇಳುವ ಮನುಷ್ಯನಾಗಿದ್ದರೆ ಊರಿನವರು ಅವರ ಮಾತಿಗೆ ಅಷ್ಟು ಬೆಲೆ ಕೊಡುತ್ತಿರಲಿಲ್ಲ. ಅವರ ಕಣ್ಣು ಮಾತ್ರ ನನ್ನನ್ನು ಬಿಟ್ಟು ಕದಲಲಿಲ್ಲ. ಇಷ್ಟು ದಿನ ಕೇಳಬೇಕು ಕೇಳಬೇಕು ಎಂದುಕೊಂಡಿದ್ದವಳಿಗೆ, ಆದೇಶ ಇರುವುದು ನೋಂದಣಾಧಿಕಾರಿಗೆ, ಅರ್ಜಿದಾರರಿಗೆ ಅಲ್ಲ ಎಂಬುದು ಆಗ ಹೊಳೆಯಿತು.

"ನಿಮಗೂ ಒಳ್ಳೇದಾಗಲಿ, ಸಾರ್," ಎಂದೆ.

ಮೂಲೆಯಲ್ಲಿ ಕುರ್ಚಿ ಕಿರ್ರೆಂದಿತು. "ಏನದು? ರಿಜಿಸ್ಟ್ರಾರ್ ಏನಾದ್ರೂ ಅಂದ್ರಾ?"

"ಇಲ್ಲ ಮೇಡಂ," ಎಂದರು ದೊಡ್ಡಪ್ಪ. ಗುರುಗಳಾದವರು, ಸುಳ್ಳು ಹೇಳುವಂತಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. "ಒಂದಕ್ಷರ ಅನ್ನಲಿಲ್ಲ. ದೂರು ಕೊಟ್ಟವನು ನಾನೇ ಸಾಕ್ಷಿ."

"ಮತ್ತೆ ಆ 'ನಿಮಗೂ'..." ಎಂದ ಅಧಿಕಾರಿ ಅಲ್ಲಿಗೇ ನಿಲ್ಲಿಸಿದರು. ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ತಾವೇ ಗೆರೆ ಎಳೆದುಕೊಂಡಿದ್ದ ಆ ಊಕಾರ ನೆನಪಾಗಿರಬೇಕು. ಬಹಳ ಹೊತ್ತು ಪೆನ್ಸಿಲು ತಿರುಗಿಸಿ, ಕೊನೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದರು: "ನಿಗದಿತ ಪಾಠದ ಹೊರತು ನೋಂದಣಾಧಿಕಾರಿಯು ಏನನ್ನೂ ಆಡಲಿಲ್ಲ." ಕೆಳಗೆ ಅಡಿಪಟ್ಟಿ ಇಟ್ಟು ನೇರವಾಗಿ ಒಂದು ಗೆರೆ ಎಳೆದು ಪುಸ್ತಕ ಮುಚ್ಚಿದರು.

ಅಪ್ಪ ತಮ್ಮ ನೋಂದಣಿ ಪುಸ್ತಕವನ್ನು ಮತ್ತೆ ತೆರೆದು, ಯಾವಾಗಲೋ ಆರಿಹೋಗಿದ್ದ ಮಸಿಯನ್ನು ಮೂರನೇ ಸಲ ಊದಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಹದಿನೆಂಟು" ಎಂದು ಕರೆದರು.

ಹೊರಗೆ ಬಂದು, ಹೊಸಿಲ ಪಕ್ಕ ಅಪ್ಪನ ಚಪ್ಪಲಿಯ ಹತ್ತಿರ ನಿಂತಾಗ ನೋಡಿದರೆ ಹದಿನೇಳರ ಬಿಲ್ಲೆ ನನ್ನ ಕೈಯಲ್ಲೇ ಇತ್ತು. ಕೌಂಟರಿನ ಮೇಲಿದ್ದದ್ದು ಅಜ್ಜಿಯ ಕನ್ನಡಕದ ಜೊತೆ ಹೇಗೋ ನನ್ನ ಕೈಗೆ ಬಂದಿತ್ತು. ವಾಪಸ್ ಕೇಳುವುದನ್ನು ಅಪ್ಪ ಮರೆತಿದ್ದರು. ಮೂವತ್ತೊಂದು ವರ್ಷದಲ್ಲಿ ಅವರು ಮರೆತ ಮೊದಲ ಬಿಲ್ಲೆ. ಸರ್ಕಾರದ ಆಸ್ತಿ, ಇಟ್ಟುಕೊಳ್ಳುವಂತಿಲ್ಲ. ಸೋಮವಾರ ಹತ್ತೂವರೆ ಮೇಲೆ ಹೋಗಿ ಕೊಟ್ಟು ಬರಬೇಕು.